ಸಿಕ್ಕಿಕೊಂಡ ಐದನೇ ಹಲಗೆ

ನನ್ನನ್ನು ಯಾರಾದರೂ ಧೈರ್ಯವಂತೆ ಎಂದು ಕರೆದರೆ ಇಂದಿಗೂ ಮೈ ಉರಿಯುತ್ತದೆ. ಬ್ಯಾಡಗಿಯ ನಮ್ಮ ಓಣಿಗೆ ಹೊಸಬರು ಯಾರೇ ಬರಲಿ, ನಮ್ಮವರು ನನ್ನನ್ನು ತೋರಿಸಿ, "ಬಂದ್ ಮಾಡ್ಸಾಕ ಬಂದಾಗ ಅಂಗಡಿ ಮುಚ್ಚದ ಹೆಣ್ಮಗಳು ಇವರ ನೋಡ್ರಿ" ಎನ್ನುತ್ತಾರೆ. ಹೊಸಬರು ಕೈ ಮುಗಿಯುತ್ತಾರೆ. ನಾನು ಸುತಳಿಯ ಉಂಡೆ ಸುತ್ತುತ್ತ ಸುಮ್ಮನೆ ಕೂತಿರುತ್ತೇನೆ. ಖರೇ ಏನಾಯಿತು ಎನ್ನುವುದನ್ನು ಹಾವೇರಿಯ ಕೋರ್ಟಿನಲ್ಲಿ ನಾನೇ ಬಾಯಿಬಿಟ್ಟು ಹೇಳಿದ್ದೇನೆ, ಓಣಿಯವರಿಗೂ ಅದು ಗೊತ್ತು. ಆದರೂ ಅವರಿಗೆ ಅವರ ಕಥೆಯೇ ರುಚಿ. ಹಾಳಾಗಿ ಹೋಗಲಿ, ನನ್ನದನ್ನು ನಾನು ಬರೆದಿಡುತ್ತೇನೆ.

ನಮ್ಮದು ಗೋಣಿಚೀಲ, ಹಗ್ಗ, ಸುತಳಿ, ಚೀಲ ಹೊಲಿಯುವ ದಬ್ಬಣ ಮಾರುವ ಅಂಗಡಿ. ಮೆಣಸಿನಕಾಯಿ ಪೇಟೆ ಇರುವ ಊರಿನಲ್ಲಿ ಚೀಲ ಬೇಡದವರು ಯಾರಿದ್ದಾರೆ? ಸುಗ್ಗಿ ಬಂತೆಂದರೆ ಕಾಗಿನೆಲೆ ಕಡೆಯ ರೈತರು, ಮೋಟೆಬೆನ್ನೂರಿನವರು, ಪೇಟೆಯ ಹಮಾಲರು ಎಲ್ಲರೂ ನಮ್ಮ ಕಟ್ಟೆಗೆ ಬರುತ್ತಿದ್ದರು. ಆ ದಿನಗಳಲ್ಲಿ ಊರಿಗೆ ಊರೇ ಸೀನುತ್ತಿತ್ತು. ನಾನು ಕರ್ಜಗಿಯಿಂದ ಸೊಸೆಯಾಗಿ ಬಂದವಳು. ಮೊದಲ ಸುಗ್ಗಿಯಲ್ಲಿ ನಾನು ಕಣ್ಣು ಮೂಗು ಒರೆಸಿಕೊಳ್ಳುತ್ತ ಓಡಾಡುವುದನ್ನು ನೋಡಿ ನೆರೆಯವರು, ಪಾಪ, ತವರು ನೆನೆಸಿಕೊಂಡು ಅಳುತ್ತಿದ್ದಾಳೆ ಎಂದುಕೊಂಡಿದ್ದರಂತೆ. ನಮ್ಮ ಮನೆಯವರು ರಾಣೆಬೆನ್ನೂರಿನ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತರು. ಬೆಳಗ್ಗೆ ಹೋದರೆ ಊಟದ ಹೊತ್ತಿಗೆ ಮನೆ ಸೇರುವವರು. ಹೀಗಾಗಿ ಅಂಗಡಿ ಎಂದರೆ ನಾನು ಮತ್ತು ನಮ್ಮ ಮಾವನವರು.

ಅಂಗಡಿಯ ಬಾಗಿಲೆಂದರೆ ಏಳು ಹಲಗೆ. ಶಟರ್ ಮಾತ್ರ ನೋಡಿದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ್ತಿಲಿನ ಉದ್ದಕ್ಕೂ ಒಂದು ತೋಡು ಕೊರೆದಿರುತ್ತದೆ, ಮೇಲಿನ ತೊಲೆಯಲ್ಲಿಯೂ ಅಂಥದೇ ಒಂದು. ಬಲತುದಿಯಲ್ಲಿ ಮಾತ್ರ ತೋಡಿನ ಅಂಚು ಕತ್ತರಿಸಿ ಬಾಯಿ ಮಾಡಿರುತ್ತಾರೆ. ಹಲಗೆಯನ್ನು ಆ ಬಾಯಲ್ಲಿ ನಿಲ್ಲಿಸಿ ಎಡಕ್ಕೆ ಸರಿಸಬೇಕು, ಅದರ ಹಿಂದೆ ಇನ್ನೊಂದು, ಮತ್ತೊಂದು. ಏಳನೆಯದು ಬಾಯನ್ನು ಮುಚ್ಚುತ್ತದೆ. ಆಮೇಲೆ ಅಡ್ಡಕ್ಕೊಂದು ಕಬ್ಬಿಣದ ಪಟ್ಟಿ, ಬೀಗ. ಪ್ರತಿ ಹಲಗೆಯ ಮೇಲೂ ಬಣ್ಣದಲ್ಲಿ ಅಂಕಿ ಬರೆದಿತ್ತು, ಆದರೆ ಮಾವನವರು ಅಂಕಿ ನೋಡಿ ಹಲಗೆ ಇಟ್ಟವರೇ ಅಲ್ಲ. ಮಾತಾಡುತ್ತಲೇ, ಯಾರನ್ನೋ ಬೈಯುತ್ತಲೇ ಇಟ್ಟುಬಿಡುತ್ತಿದ್ದರು. ಐದನೆಯದೊಂದೇ ಕಿರಿಕಿರಿಯದು. ಹಳೆಯದನ್ನು ಗೆದ್ದಲು ತಿಂದಾಗ ಬಡಿಗ ಜಾಲಿಯ ಕಟ್ಟಿಗೆಯಲ್ಲಿ ಹೊಸದು ಮಾಡಿ ಕೊಟ್ಟಿದ್ದ. ಅದು ಉಳಿದವಕ್ಕಿಂತ ದಪ್ಪವಾಗಿಬಿಟ್ಟಿತು. ಒಂದು ತುದಿಯನ್ನು ಹೆರೆದು, "ಈ ಕಡೆ ಕೆಳಗ ಬರಬೇಕ್ರಿ, ಉಲ್ಟಾ ಇಟ್ಟು ಗುದ್ದಿದ್ರ ಮುಗೀತು, ದೇವರು ಬಂದ್ರೂ ತೆಗ್ಯಾಕ ಆಗೂದಿಲ್ಲ" ಎಂದು ಹೇಳಿ ಹೋಗಿದ್ದ. ನಾವು ನಕ್ಕಿದ್ದೆವು.

ನಮ್ಮ ಎದುರಿಗೆ, ಓಣಿಯ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ಸೈಕಲ್ ರಿಪೇರಿ ಅಂಗಡಿ. ಅಂಗಡಿಯವರನ್ನು ನಾವೆಲ್ಲ ಸೈಕಲ್ ಅಣ್ಣ ಎನ್ನುತ್ತಿದ್ದೆವು. ಮರದ ಬುಡದಲ್ಲಿ ಹಳೆಯ ಟಯರುಗಳ ರಾಶಿ. ಊರಲ್ಲಿ ಮೋಟರ್‌ಸೈಕಲ್ಲುಗಳು ಹೆಚ್ಚುತ್ತಿದ್ದವು, ಸೈಕಲ್ಲಿನ ಕೆಲಸ ಕಡಿಮೆಯಾಗುತ್ತಿತ್ತು. ಆದರೂ ಆ ಮನುಷ್ಯ ಆ ಜಾಗ ಬಿಟ್ಟು ಅಲುಗಲು ತಯಾರಿರಲಿಲ್ಲ. ಅದು ಮೂಲೆಯ ಜಾಗ, ಎರಡು ರಸ್ತೆಗೆ ಮುಖ. ಯಾರೋ ದೊಡ್ಡವರ ಕಣ್ಣು ಅದರ ಮೇಲೆ ಬಿದ್ದಿತ್ತು. ದೊಡ್ಡವರು ತಾವೇ ಬಂದು ಕೇಳುತ್ತಾರೆಯೆ? ಅದಕ್ಕೆ ಅವನನ್ನು ಕಳಿಸಿದರು. ಅವನ ಹೆಸರು ಬರೆಯಲು ನನಗೆ ಮನಸ್ಸಿಲ್ಲ.

ಅವನು ನಮ್ಮ ಓಣಿಯಲ್ಲಿಯೇ ಬೆಳೆದವನು. ಚಿಕ್ಕವನಿದ್ದಾಗ ಪಟ ಹಾರಿಸಲು ಸುತಳಿ ಬೇಕೆಂದು ನಮ್ಮ ಕಟ್ಟೆಗೆ ಬಂದು ಮಾವನವರಿಗೆ ಗಂಟು ಬೀಳುತ್ತಿದ್ದ. ಪಟಕ್ಕೆ ಸುತಳಿ ಭಾರವಾಗುತ್ತದೋ ಹುಚ್ಚಾ ಎಂದು ಅವರು ನಕ್ಕು, ಆದರೂ ಒಂದು ತುಂಡು ಕೊಡುತ್ತಿದ್ದರು. ಅವರಿಗೆ ಕಾಕಾ ಎನ್ನುತ್ತಿದ್ದ, ನನಗೆ ವೈನಿ, ಅಂದರೆ ಅತ್ತಿಗೆ. ಅವನ ಅವ್ವ ಹಬ್ಬಕ್ಕೆ ನಮ್ಮ ಮನೆಗೆ ಹೋಳಿಗೆ ಕಳಿಸುತ್ತಿದ್ದಳು. ದೊಡ್ಡವನಾದ ಮೇಲೆ ಹಿಂದೆ ಮುಂದೆ ನಾಲ್ಕು ಹುಡುಗರು, ಎರಡು ಮೋಟರ್‌ಸೈಕಲ್ಲು. ಯಾರಿಗೋ ಬಾಡಿಗೆಯವರನ್ನು ಬಿಡಿಸಿಕೊಡುವುದು, ಯಾರದೋ ಜಗಳಕ್ಕೆ ಹೋಗಿ ಕೈ ಎತ್ತುವುದು, ಇದೇ ಉದ್ಯೋಗವಾಯಿತು. ಓಣಿಯಲ್ಲಿ ಅವನು ಬಂದನೆಂದರೆ ಮಾತು ನಿಲ್ಲುತ್ತಿತ್ತು. ಆದರೂ ನಮ್ಮ ಹುಡುಗನೇ ಅಲ್ಲವೆ, ನಮಗೇನು ಮಾಡುತ್ತಾನೆ ಎಂದು ನಾವು ಇದ್ದೆವು.

ಸುಗ್ಗಿಯ ಒಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕೂತು ಹರಿದ ಚೀಲ ಹೊಲಿಯುತ್ತಿದ್ದೆ. ಎದುರಿಗೆ ಸೈಕಲ್ ಅಣ್ಣ ಒಂದು ಗಾಲಿ ತಿರುಗಿಸಿ ಸೊಟ್ಟ ನೋಡುತ್ತಿದ್ದರು. ಅವನು ಬಂದ, ಏನೋ ಕೇಳಿದ. ಅಣ್ಣ ತಲೆ ಎತ್ತದೆ, "ಆಗೂದಿಲ್ಲಂತ ಎಷ್ಟು ಸಲ ಹೇಳ್ಬೇಕೋ ತಮ್ಮಾ? ನನ್ನ ಕೈ ನಡಿಯೂತನಕ ಇಲ್ಲೇ ಇರಾಂವ" ಎಂದರು. ಅಷ್ಟೇ. ಅವನು ಬೆನ್ನಿನ ಹಿಂದಿನಿಂದ ಮಚ್ಚು ತೆಗೆದ. ಗಾಲಿಯ ಮೇಲಿದ್ದ ಬಲಗೈಯ ಮೇಲೆ ಹಾಕಿದ. ಬಿಸಿಲು ಸುಡುತ್ತಿದ್ದ ಹೊತ್ತು, ಓಣಿಯ ತುಂಬ ಜನ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಲ್ಲರೂ ಅಂಗಡಿಗಳ ಒಳಗೆ ಹೋಗಿದ್ದರು. ನಾನು ಹೋಗಲಿಲ್ಲ. ಧೈರ್ಯವಲ್ಲ ಮಾರಾಯರೆ, ಕಾಲು ಏಳಲಿಲ್ಲ.

ಅವನು ತಿರುಗಿ ನನ್ನನ್ನು ನೋಡಿದ. ಕಟ್ಟೆಯ ಹತ್ತಿರ ಬಂದು, ಊಟ ಆಯಿತೇನು ಎಂದು ಕೇಳುವ ಧಾಟಿಯಲ್ಲಿ, "ವೈನಿ, ನೀವೇನೂ ನೋಡಿಲ್ಲ, ಹೌದಲ್ರಿ?" ಎಂದ. ಅವನು ಹೋದ. ಮಾವನವರು ಆಗಲೇ ಎದುರಿಗೆ ಓಡಿದ್ದರು. ಹೊಸ ಚೀಲವೊಂದನ್ನು ಹರಿದು ಅಣ್ಣನ ಕೈಗೆ ಸುತ್ತಿ ಸುತಳಿಯಿಂದ ಬಿಗಿದರು. ಎರಡು ಬೆರಳು ಹೋಗಿದ್ದವು.

ಠಾಣೆಯಿಂದ ಫೌಜದಾರರು ಬಂದು ಒಂದೊಂದೇ ಅಂಗಡಿಯಲ್ಲಿ ಕೇಳಿದರು. ಚಹಾದಂಗಡಿಯವರು ಸಕ್ಕರೆ ಡಬ್ಬಿ ಹುಡುಕುತ್ತಿದ್ದರಂತೆ. ಸೀರೆ ಅಂಗಡಿಯವರು ಒಳಗೆ ಮಲಗಿದ್ದರಂತೆ. ಪುಟಾಣಿ, ಚುರುಮುರಿ ಮಾರುವವರಿಗೆ ಆ ಹೊತ್ತಿಗೇ ಕಣ್ಣಿಗೆ ಮೆಣಸಿನಕಾಯಿ ಘಾಟು ಹೊಡೆದಿತ್ತಂತೆ. ನನ್ನ ಹತ್ತಿರ ಬಂದಾಗ ಆ ಮಾತು ಇನ್ನೂ ಕಿವಿಯಲ್ಲಿತ್ತು: ಹೌದಲ್ರಿ? ಅವನು ಬಾಯಿಗೆ ಬಂದಂತೆ ಬೈದಿದ್ದರೆ ಬಹುಶಃ ನಾನೂ ಸಕ್ಕರೆ ಡಬ್ಬಿಯನ್ನೇ ಹುಡುಕುತ್ತಿದ್ದೆ. ನನ್ನ ಕಣ್ಣು ನೋಡಿದ್ದನ್ನು ನೋಡಿಲ್ಲವೆಂದು ತಾನೇ ನಿರ್ಧಾರ ಮಾಡಿ, ಮೇಲೆ ನನ್ನಿಂದ ಹೌದು ಎನಿಸಿಕೊಳ್ಳಲು ಬಂದನಲ್ಲ, ಆ ಸಿಟ್ಟು. "ನೋಡೇನ್ರಿ. ಎಲ್ಲಾ ನೋಡೇನಿ. ಬರ್ಕೋರಿ" ಎಂದೆ.

ಮನೆಯವರು ರಾಣೆಬೆನ್ನೂರಿನಿಂದ ಬಂದು ಸುದ್ದಿ ಕೇಳಿ ತಟ್ಟೆಯ ಮುಂದೆ ಹಾಗೇ ಕೂತುಬಿಟ್ಟರು.

"ನಿನಗ್ಯಾಕ ಬೇಕಿತ್ತು ಊರ ಉಸಾಬರಿ?"

"ಊರ ಉಸಾಬರಿ ಅಲ್ರಿ. ಎದುರ ಅಂಗಡಿದು."

"ನಾ ದಿನಾ ಹೊರಗ ಇರಾಂವ. ಇಲ್ಲಿ ನೀ ಒಬ್ಬಾಕಿ, ಅಪ್ಪ ವಯಸ್ಸಾದಾಂವ."

"ಅದನ್ನ ನನಗ ಹೇಳಬ್ಯಾಡ್ರಿ. ಅವನಿಗೆ ಹೇಳ್ರಿ ಹೋಗ್ರಿ."

ಮಾವನವರು ಮಧ್ಯೆ ಬಂದು, "ಅನ್ನ ಆರತೈತಿ, ಮೊದಲ ಉಣ್ರಿ" ಎಂದರು. ಉಂಡೆವು, ಆದರೆ ಯಾರಿಗೂ ರುಚಿ ತಿಳಿಯಲಿಲ್ಲ.

ಅವನನ್ನು ಹಿಡಿದು ಹಾವೇರಿಗೆ ಒಯ್ದರು. ಮರುದಿನ ಬೆಳಗ್ಗೆಯೇ ಅವನ ಹುಡುಗರು ಮೋಟರ್‌ಸೈಕಲ್ಲಿನ ಮೇಲೆ ಓಣಿಯಲ್ಲಿ ಸುತ್ತಿದರು. ಇವತ್ತು ಎಲ್ಲ ಬಂದ್, ನಮ್ಮ ಲೀಡರನ್ನು ಸುಮ್ಮನೆ ಒಳಗೆ ಹಾಕಿದ್ದಾರೆ, ಅಂಗಡಿ ತೆರೆದವರನ್ನು ನೋಡಿಕೊಳ್ಳುತ್ತೇವೆ ಎಂದು ಕೂಗುತ್ತ ಹೋದರು. ಕೈ ಕತ್ತರಿಸಿದವನ ಪರವಾಗಿ ಬಂದ್! ಶಟರುಗಳು ಒಂದರ ಹಿಂದೊಂದು ಬಿದ್ದವು, ಹಲಗೆ ಬಾಗಿಲುಗಳೂ ಮುಚ್ಚಿಕೊಂಡವು. ಚಹಾದಂಗಡಿಯವರು ಕುದಿಯುತ್ತಿದ್ದ ಹಾಲನ್ನು ಹಾಗೇ ಒಳಗೆ ಇಟ್ಟುಕೊಂಡು ಬಾಗಿಲು ಎಳೆದರು.

ಈಗ ನಮ್ಮ ಶೌರ್ಯದ ಕಥೆ ಕೇಳಿ. "ಯವ್ವಾ, ಲಗೂನ ಹಲಗಿ ಕೊಡು" ಎಂದರು ಮಾವನವರು. ನಾನು ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಜೀವಮಾನವಿಡೀ ಅಂಕಿ ನೋಡದ ಮನುಷ್ಯ, ಆವತ್ತು ನೋಡಬೇಕಾಗಿತ್ತು, ನೋಡಲಿಲ್ಲ. ಹಲಗೆ ಬಾಯಲ್ಲಿ ನಿಂತಿತು, ಸರಿಯಲಿಲ್ಲ. ಮೋಟರ್‌ಸೈಕಲ್ಲಿನ ಸದ್ದು ಮತ್ತೆ ಓಣಿಯ ತುದಿಯಲ್ಲಿ ಕೇಳಿತು. ನನಗೆ ಎಲ್ಲಿಲ್ಲದ ಅವಸರ. ತೂಕದ ಕಲ್ಲನ್ನು ಎತ್ತಿ ಕೆಳಗೊಂದು, ಮೇಲೊಂದು ಗುದ್ದಿದೆ. ಹಲಗೆ ಕಿರ್ರೆಂದು ಒಳಗೆ ಕೂತಿತು. ಆಮೇಲೆ ನೋಡಿದರೆ ಅದು ಐದನೆಯದು. ಅಂಕಿ ತಲೆಕೆಳಗಾಗಿ ನಿಂತಿತ್ತು.

ಬಾಯಲ್ಲೇ ಐದನೆಯದು ಸಿಕ್ಕಿಕೊಂಡ ಮೇಲೆ ಉಳಿದ ಆರನ್ನು ಎಲ್ಲಿಂದ ಹಾಕುವುದು? ಎಳೆದೆವು, ನೂಕಿದೆವು. ಮಾವನವರು ಹಲಗೆಗೆ ಬೈದರು, ಬಡಿಗನಿಗೆ ಬೈದರು, ನನಗೂ ಒಂದು ಮಾತು ಬೈದರು, ನಾನೂ ತಿರುಗಿ ಅಂದೆ. ಇಡೀ ಓಣಿಯಲ್ಲಿ ನಮ್ಮ ಅಂಗಡಿಯೊಂದೇ ಬಾಯಿ ತೆರೆದು ನಿಂತಿತ್ತು. ಹುಡುಗರು ಬಂದು ಗಾಡಿ ನಿಲ್ಲಿಸಿದರು.

"ಏನ್ರಿ, ಕಿವಿ ಕೇಳೂದಿಲ್ಲೇನು? ಮುಚ್ರಿ ಅಂಗಡಿ!"

"ಮುಚ್ಚಾಕ ಬರವಲ್ದು" ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು, ದೇವರಾಣೆ. ಆದರೆ ಹೆದರಿಕೆಗೆ ನನ್ನ ದನಿ ಒಣಗಿ, ಅದು ಬೇರೆಯೇ ಥರ ಹೊರಬಂತು. ಅವರಿಗೆ ಸವಾಲು ಹಾಕಿದಂತೆ ಕೇಳಿಸಿತು.

"ಏನಂದ್ರಿ?"

"ಮುಚ್ಚಾಕ ಬರವಲ್ದು ಅಂದೆ. ನಿಮಗ ಬಂದ್ರ ನೀವ ಮುಚ್ರಿ."

ಒಬ್ಬ ಇಳಿದು ಬಂದು ಹಲಗೆಗೆ ಹೆಗಲು ಕೊಟ್ಟ. ಅಲುಗಲಿಲ್ಲ. ಇನ್ನೊಬ್ಬ ಬಂದ. ಇಬ್ಬರೂ ಸೇರಿ, ಐಸಾ ಎನ್ನುವುದೊಂದು ಬಾಕಿ, ನೂಕಿದರು. ಒಬ್ಬನ ತಲೆ ಮೇಲಿನ ತೊಲೆಗೆ ಠಣ್ಣೆಂದು ಬಡಿಯಿತು. ಪೇಟೆಗೆ ಹೊರಟಿದ್ದ ಹಮಾಲರು ನಾಲ್ಕೈದು ಜನ ನಿಂತು ನೋಡುತ್ತಿದ್ದರು. ಅವರಲ್ಲೊಬ್ಬ ಮುಸುಮುಸು ನಕ್ಕ, ಆಮೇಲೆ ಎಲ್ಲರೂ ಹೋ ಎಂದು ನಕ್ಕರು. ಮುಚ್ಚಿದ ಶಟರುಗಳ ಹಿಂದಿನಿಂದಲೂ ಯಾರೋ ನಕ್ಕಿದ್ದು ಕೇಳಿಸಿತು. ಹುಡುಗರು ಮುಖ ಕೆಂಪಗೆ ಮಾಡಿಕೊಂಡು, ನೋಡ್ತೇವಿ ನಿಮ್ಮನ್ನ ಎಂದು ಗಾಡಿ ಹತ್ತಿದರು.

ಅವರು ಹೋದದ್ದೇ ತಡ, ಹಮಾಲನೊಬ್ಬ ಬಂದು, "ಯವ್ವಾ, ಒಂದು ದಬ್ಬಣ ಕೊಡ್ರಿ" ಎಂದ. ಅವನ ಹಿಂದೆ ರೈತರು ಬಂದರು. ಪೇಟೆಗೆ ಮಾಲು ತಂದವರಿಗೆ ಬಂದ್ ಆದರೇನು, ಚೀಲ ಬೇಕಲ್ಲ. ಸಂಜೆಯವರೆಗೆ ನನಗೆ ಮೇಲೆ ಏಳಲು ಬಿಡುವಿರಲಿಲ್ಲ. ಒಬ್ಬೊಬ್ಬನೂ ಹೋಗುವಾಗ ಒಂದು ಮಾತು ಹೇಳಿ ಹೋಗುತ್ತಿದ್ದ: ಶಾಬಾಶ್ ಯವ್ವಾ, ಭಾಳ ಗಟ್ಟಿ ಅದೀರಿ. ನಾನು ಮಾವನವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರೂ ಬಾಯಿ ಬಿಡಲಿಲ್ಲ. ಸುದ್ದಿ ನಮ್ಮ ಮನೆಯವರಿಗಿಂತ ಮೊದಲೇ ರಾಣೆಬೆನ್ನೂರು ಮುಟ್ಟಿತ್ತು. ಲಾರಿ ಆಫೀಸಿನಲ್ಲಿ ಯಾರೋ ಅವರ ಬೆನ್ನು ತಟ್ಟಿ, "ನಿಮ್ಮ ಮನಿಯಾಕಿ ಹುಲಿ ಅದಾಳಲ್ರಿ" ಎಂದರಂತೆ. ಆ ಹುಲಿ ಆವತ್ತು ಮನೆಯಲ್ಲಿ ಏನೇನು ಕೇಳಿಸಿಕೊಂಡಿತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಬೆಳಗಾದ ಮೇಲೆ ಬಡಿಗ ಕೊಡತಿ, ಉಳಿ ತಗೊಂಡು ಬಂದ. ಹಲಗೆ ಸೀಳಿ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದ. ಸೀಳು ಎಂದೆ. ಅವನು ಉಳಿ ಇಡುವಷ್ಟರಲ್ಲಿ ಸೈಕಲ್ ಅಣ್ಣನ ಹೆಂಡತಿ ಎದುರಿನ ಅಂಗಡಿಯಿಂದ ದಾಟಿ ಬಂದಳು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು, ಕಣ್ಣು ಊದಿತ್ತು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನಿನ್ನೆ ನಿಮ್ಮದೊಂದ ಅಂಗಡಿ ತೆರೆದಿತ್ತಂತ ಫೋನಿನ್ಯಾಗ ಯಾರೋ ಹೇಳಿದ್ರು. ಅವರಿಗೆ ಹೇಳಿದೆ. ಅಲ್ಲೀತನಕ ಗ್ವಾಡಿ ಕಡೆ ಮುಖ ಮಾಡ್ಕೊಂಡು ಮಲಗಿದ್ದ ಮನಶಾ ಎದ್ದು ಕುಂತ್ರು. ಚಹಾ ಕುಡೀತೇನಿ ಅಂದ್ರು."

ನಾನು ಏನು ಹೇಳಲಿ? ಹಲಗೆ ಸಿಕ್ಕಿಕೊಂಡಿತ್ತು ತಂಗಿ, ನಾವೂ ಓಡುವವರೇ ಇದ್ದೆವು ಎನ್ನಲೇ? ಮಾವನವರು ಬಡಿಗನ ಕೈಯಿಂದ ಕೊಡತಿ ತೆಗೆದುಕೊಂಡು ಕೆಳಗಿಟ್ಟರು. "ಇರ್ಲಿ ಬಿಡಪಾ. ಹಂಗ ಇರ್ಲಿ" ಎಂದರು. ನನಗೆ ಹೆದರಿಕೆ ಆಯಿತು, ಆದರೂ ಇರಲಿ ಎಂದೆ. ಧೈರ್ಯ ಎಂದು ಕರೆಯುವುದಾದರೆ ಅಲ್ಲಿಂದ ಮುಂದಿನದನ್ನು ಬೇಕಾದರೆ ಕರೆಯಿರಿ, ನನ್ನ ಅಭ್ಯಂತರವಿಲ್ಲ. ಆವತ್ತಿನಿಂದ ರಾತ್ರಿ ಅಂಗಡಿಯ ಬಾಯಿಗೆ ಬಿದಿರಿನ ತಟ್ಟಿ ಅಡ್ಡ ಇಟ್ಟು, ನಮ್ಮದೇ ಸುತಳಿಯಿಂದ ಬಿಗಿದು ಕಟ್ಟುತ್ತಿದ್ದೆವು. ಮಾವನವರು ಒಳಗೆ ಚೀಲದ ಮೂಟೆಗಳ ಮೇಲೆ ಮಲಗುತ್ತಿದ್ದರು.

ಜಾಮೀನು ಸಿಕ್ಕಿ ಅವನು ಊರಿಗೆ ಬಂದ. ಸೈಕಲ್ ಅಣ್ಣನಿಗೆ ಆಸ್ಪತ್ರೆಯಲ್ಲಿದ್ದಾಗಲೇ ಮಾತು ಮುಟ್ಟಿತ್ತು: ಅಂಗಡಿಯ ಬೀಗ ತೆಗೆದರೆ ಇನ್ನೊಂದು ಕೈಯೂ ಇರುವುದಿಲ್ಲ. ಹಾಗಾಗಿ ಮೂಲೆಯ ಅಂಗಡಿ ಮುಚ್ಚಿಯೇ ಇತ್ತು. ಅವರ ಹೆಂಡತಿ ಆಗಾಗ ಬಂದು ಅಂಗಳ ಗುಡಿಸಿ, ಟಯರಿನ ರಾಶಿ ಸರಿಮಾಡಿ ಹೋಗುತ್ತಿದ್ದಳು. ಈ ಜಾಗ ಇನ್ನೂ ನಮ್ಮದು ಎಂದು ತೋರಿಸಲು ಅವಳಿಗೆ ಇದ್ದದ್ದು ಆ ಪೊರಕೆಯೊಂದೇ. ನಾನು ಕೋರ್ಟಿನಲ್ಲಿ ಮಾತು ತಿರುಗಿಸಿದರೆ ಆ ಬೀಗ ಇನ್ನು ತೆರೆಯುವುದಿಲ್ಲ ಎನ್ನುವುದು ಓಣಿಗೆಲ್ಲ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಒಂದು ದಿನ ನಮ್ಮ ಕಟ್ಟೆಗೆ ಬಂದು ಕಾಲು ಇಳಿಬಿಟ್ಟು ಕೂತ.

"ವೈನಿ, ಆ ಹಲಗಿ ತಗಸಿಬಿಡ್ರಿ. ಊರಾಗ ನನ್ನ ಮರ್ಯಾದಿ ಹೋಗಾಕತ್ತೈತಿ."

"ನಿನ್ನ ಹುಡುಗ್ರು ತಗದು ನೋಡ್ಯಾರ. ಬರವಲ್ದು."

"ಮತ್ತ ಹಾವೇರಿಗೆ ಹೋಗೂದು?"

"ಕರದ್ರ ಹೋಗ್ತೇನಿ."

"ಮನ್ಯಾಗ ವಯಸ್ಸಾದ ಕಾಕಾ ಅದಾರ ವೈನಿ. ವಿಚಾರ ಮಾಡ್ರಿ."

ಕಾಕಾ ಎಂಬ ಮಾತು ಅವನ ಬಾಯಲ್ಲಿ ಕೇಳಿ ನನಗೆ ತಡೆಯಲಿಲ್ಲ. "ಸುತಳಿ ಬೇಕಾಗಿತ್ತೇನು ಪಟ ಹಾರಸಾಕ? ಬೇಕಾದ್ರ ಕೊಡ್ತೇನಿ. ಇಲ್ಲಂದ್ರ ಕಟ್ಟಿ ಬಿಟ್ಟು ಏಳು, ಗಿರಾಕಿ ನಿಂತಾರ" ಎಂದೆ. ಅವನ ಮುಖ ಕಪ್ಪಿಟ್ಟಿತು. ಎದ್ದು ಹೋದ. ಆಮೇಲೆ ಗಿರಾಕಿಗೆ ಚೀಲ ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿದೆ, ಆದರೆ ಹೇಳಿದ್ದು ಹೇಳಿಯಾಗಿತ್ತು.

ಆ ವಾರದಲ್ಲಿಯೇ ಹುಡುಗರು ಬಂದು ಚೀಲದ ಮೂಟೆಗಳನ್ನು ರಸ್ತೆಗೆ ಎಳೆದು ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟರು. ಇದೂ ಹಾಡಹಗಲೇ. ಗೋಣಿ ಎಂದರೆ ಕೇಳಬೇಕೆ, ಭಗ್ಗೆಂದಿತು. ಮಾವನವರು ಒಂದು ಮೂಟೆ ಉಳಿಸಲು ಹೋಗಿ ಅಂಗೈ ಸುಟ್ಟುಕೊಂಡರು. ನಾನು ಕೂಗಿದೆ. ಯಾರ ಹೆಸರು ಹಿಡಿದು ಕೂಗಿದೆನೋ, ಏನು ಕೂಗಿದೆನೋ ನೆನಪಿಲ್ಲ. ಎಲ್ಲರೂ ಒಳಗೆ ಹೋಗುತ್ತಾರೆ, ಮತ್ತೆ ಸಕ್ಕರೆ ಡಬ್ಬಿ ಹುಡುಕುತ್ತಾರೆ ಎಂದುಕೊಂಡಿದ್ದೆ. ಆದರೆ ಚಹಾದಂಗಡಿಯವರು ಬಂದರು. ಅವಸರದಲ್ಲಿ ನೀರಿನ ಕೊಡ ಬಿಟ್ಟು ಚಹಾ ತುಂಬಿದ ಪಾತೇಲಿಯನ್ನೇ ಎತ್ತಿಕೊಂಡು ಬಂದು ಬೆಂಕಿಗೆ ಸುರಿದರು. ಅವರ ಹಿಂದೆ ಸೀರೆ ಅಂಗಡಿಯವರು ಬಕೆಟ್ಟು ಹಿಡಿದು ಓಡಿಬಂದರು, ಚುರುಮುರಿಯವರು ಕೊಡ ಹೊತ್ತು ತಂದರು. ಇಷ್ಟು ಜನ ಹೊರಗೆ ಬಂದದ್ದು ನೋಡಿ ಹುಡುಗರು ಗಾಡಿ ಹತ್ತಿದರು. ಸುಟ್ಟ ಗೋಣಿ ಮತ್ತು ಚಹಾದ ವಾಸನೆ ಬಹಳ ದಿನ ನಮ್ಮ ಕಟ್ಟೆಯಲ್ಲಿತ್ತು. "ಸಕ್ಕರಿ ಡಬ್ಬಿ ಸಿಕ್ತೇನ್ರಿ?" ಎಂದು ನಾನು ಚಹಾದಂಗಡಿಯವರನ್ನು ಕೇಳಿದೆ. ಅವರು ತಲೆ ತಗ್ಗಿಸಿ ನಕ್ಕರು. ಅಷ್ಟಾದರೂ ಚುಚ್ಚದೆ ಬಿಡುವವಳಲ್ಲ ನಾನು.

ಮಾವನವರ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ರಾತ್ರಿ ಮನೆಯವರು ಬಹಳ ಹೊತ್ತು ಅಪ್ಪನ ಕೈ ನೋಡುತ್ತ ಕೂತರು. ಮತ್ತೆ ಉಸಾಬರಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಸಾಕ್ಷಿಗೆ ಕರೆ ಬಂದದ್ದು ಮುಂದಿನ ಸುಗ್ಗಿಯಲ್ಲಿ. ಹಿಂದಿನ ದಿನವೇ ಹುಡುಗರು ಓಣಿಯಲ್ಲಿ ಸಾರಿ ಹೋದರು: ನಾಳೆ ಬಂದ್. ಬೆಳಗ್ಗೆ ನಾನು ಸೀರೆ ಉಟ್ಟು ಹೊರಗೆ ಬಂದರೆ ಮನೆಯವರು ಲಾರಿ ಆಫೀಸಿಗೆ ಹೋಗುವ ಅಂಗಿ ಹಾಕಿರಲಿಲ್ಲ.

"ಇವತ್ತು ರಜಾ ಹಾಕೇನಿ. ಅಪ್ಪನ ಕೂಡ ಅಂಗಡ್ಯಾಗ ಕುಂದರ್ತೇನಿ. ನೀ ಹೋಗಿ ಬಾ."

"ಹುಡುಗ್ರು ಬರ್ತಾರ್ರಿ."

"ಬರ್ಲಿ. ಹಲಗಿ ಹ್ಯಾಂಗೂ ಸಿಕ್ಕೊಂಡೈತಿ" ಎಂದರು. ಮದುವೆಯಾದ ಮೇಲೆ ನಾನು ಅವರನ್ನು ಅಷ್ಟು ಇಷ್ಟಪಟ್ಟ ದಿನ ಮತ್ತೊಂದಿಲ್ಲ.

ಬಸ್ಸಿನಲ್ಲಿ ಸೈಕಲ್ ಅಣ್ಣ, ಅವರ ಹೆಂಡತಿ, ನಾನು. ಅಣ್ಣ ಬಲಗೈಯನ್ನು ಟವೆಲ್ಲಿನ ಒಳಗೆ ಇಟ್ಟುಕೊಂಡಿದ್ದರು. ಕೋರ್ಟಿನಲ್ಲಿ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ನನ್ನನ್ನು ನೋಡಿ ತಲೆಯಾಡಿಸಿದ, ಮದುವೆ ಮನೆಯಲ್ಲಿ ಸಿಕ್ಕವರ ಹಾಗೆ.

ನಾನು ನೋಡಿದ್ದನ್ನು ಹೇಳಿದೆ. ಆಮೇಲೆ ಅವನ ವಕೀಲರು ಎದ್ದರು.

"ಅಮ್ಮಾ, ಬಂದ್ ಇದ್ದ ದಿನ ಎಲ್ಲರೂ ಅಂಗಡಿ ಮುಚ್ಚಿದರು, ನೀವೊಬ್ಬರೇ ಮುಚ್ಚಲಿಲ್ಲ. ನನ್ನ ಕಕ್ಷಿದಾರನ ಮೇಲೆ ನಿಮಗೆ ಮೊದಲಿನಿಂದಲೂ ದ್ವೇಷ. ಅದಕ್ಕೇ ಈ ಸುಳ್ಳು ಸಾಕ್ಷಿ. ಹೌದೋ ಅಲ್ಲವೋ?"

"ಅಲ್ರಿ. ಹಲಗಿ ಸಿಕ್ಕೊಂಡಿತ್ತು."

"ಅಂದರೆ ನೀವೂ ಮುಚ್ಚಲು ಹೋಗಿದ್ದಿರಿ?"

ಸೈಕಲ್ ಅಣ್ಣನ ಹೆಂಡತಿ ಎದುರಿನ ಬೆಂಚಿನ ಮೇಲೆ ಕೂತಿದ್ದಳು. ವರ್ಷವಿಡೀ ಅವಳು ನನ್ನನ್ನು ನೋಡಿದ ರೀತಿ ನನಗೆ ಗೊತ್ತಿತ್ತು. ಇಲ್ಲ, ಬೇಕೆಂದೇ ತೆರೆದಿಟ್ಟೆ ಎಂದು ಒಂದು ಸುಳ್ಳು ಹೇಳಿದ್ದರೆ ಅವಳ ಕಣ್ಣಿನಲ್ಲಿ ನಾನು ಹುಲಿಯಾಗಿಯೇ ಉಳಿಯುತ್ತಿದ್ದೆ. ಆದರೆ ಕಟಕಟೆಯಲ್ಲಿ ಒಂದು ಸುಳ್ಳು ಹೇಳಿದರೆ ಉಳಿದ ಖರೇ ಮಾತನ್ನು ಯಾರು ನಂಬುತ್ತಾರೆ?

"ಹೌದ್ರಿ. ಮುಚ್ಚಾಕ ಹೋಗಿದ್ವಿ. ಹೆದರಿದ್ವಿ."

ವಕೀಲರು ನಕ್ಕರು. ಸಿಕ್ಕಿಬಿದ್ದಳು ಎನ್ನುವ ನಗೆ. "ಹೆದರಿಕೆ ಯಾಕೆ? ನನ್ನ ಕಕ್ಷಿದಾರ ನಿಮಗೆ ಏನು ಮಾಡಿದ್ದ?"

ಆಗ ನನಗೆ ಸಿಟ್ಟು ನೆತ್ತಿಗೇರಿತು. ಒಂದು ವರ್ಷ ಒಳಗೆ ಇಟ್ಟುಕೊಂಡಿದ್ದೆಲ್ಲ ಒಮ್ಮೆಗೇ ಬಂತು.

"ಅದನ್ನ ಹೇಳಾಕ ಬಂದೇನ್ರಿ ಇಲ್ಲಿ! ಅಂವ ನಮ್ಮ ಅಣ್ಣನ ಕೈಮ್ಯಾಲೆ ಮಚ್ಚು ಹಾಕಿದ್ದನ್ನ ಈ ಕಣ್ಣಿಂದ ನೋಡೇನಿ. ನೋಡಿದ್ದಕ್ಕ ಹೆದರಿದೆ. ಹೆದರಿದ್ದಕ್ಕ ಹಲಗಿ ಉಲ್ಟಾ ಇಟ್ವಿ. ನಾನೇನೂ ನೋಡಿರ್ಲಿಲ್ಲ ಅಂದ್ರ ನಮ್ಮ ಹಲಗಿ ನೆಟ್ಟಗ ಹೋಗ್ತಿತ್ರಿ. ನಮ್ಮ ಮಾವಾರು ಜಲ್ಮದಾಗ ಒಂದು ಹಲಗಿ ತಪ್ಪು ಇಟ್ಟವರಲ್ಲ. ಬೇಕಾದ್ರ ಬಂದು ನೋಡ್ರಿ, ಇನ್ನೂ ಹಂಗ ಸಿಕ್ಕೊಂಡೈತಿ!"

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಟೈಪ್ ಮಾಡುವವರಿಗೆ, "ಅವರು ಹೇಳಿದ ಹಾಗೇ ಬರೆದುಕೊಳ್ಳಿ" ಎಂದರು. ವಕೀಲರು ಕೂತರು. ಅವನು ಈ ಸಲ ನನ್ನ ಕಡೆ ನೋಡಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಅಣ್ಣನ ಹೆಂಡತಿ ಮೊಣಕೈಯಿಂದ ತಿವಿದಳು.

"ಅಕ್ಕಾ, ಖರೇನ ಹೆದರಿದ್ರೇನು?"

"ಹೂಂ."

"ನಾನೂ ದಿನಾ ಹೆದರ್ಕೊಂಡ ಪೊರಕಿ ಹಿಡೀತಿದ್ದೆ" ಎಂದಳು. ಆಮೇಲೆ ದನಿ ತಗ್ಗಿಸಿ, "ನೀವು ಹೆದರಿದ್ದು ನಮ್ಮವರಿಗೆ ಹೇಳಬ್ಯಾಡ್ರಿ ಮತ್ತ. ಅವರಿಗೆ ಬ್ಯಾಸರಾಗತೈತಿ" ಎಂದಳು.

ಮುಂದಿನ ಸೀಟಿನಿಂದ ಸೈಕಲ್ ಅಣ್ಣ ತಿರುಗದೆ, "ನಾನೂ ಕೋರ್ಟಿನ್ಯಾಗ ಇದ್ನಲ್ಲೇ" ಎಂದರು. ನಾವು ಮೂವರೂ ನಗುವುದನ್ನು ಕಂಡಕ್ಟರ್ ವಿಚಿತ್ರವಾಗಿ ನೋಡಿದ.

ಸಂಜೆ ಬಿಸಿಲಿರುವಾಗಲೇ ಬ್ಯಾಡಗಿಯಲ್ಲಿ ಇಳಿದೆವು. ಬಂದ್ ಎಂದು ಸಾರಿದ ದಿನ. ಓಣಿಯ ತಿರುವಿಗೆ ಬಂದು ನಾನು ನಿಂತುಬಿಟ್ಟೆ. ಹಲಗೆ ಬಾಗಿಲಿನ ಅಂಗಡಿಗಳೆಲ್ಲ ಒಂದೊಂದು ಹಲಗೆಯನ್ನು ಬಾಯಲ್ಲಿ ಸೊಟ್ಟಗೆ ನಿಲ್ಲಿಸಿಕೊಂಡಿದ್ದವು, ಉಳಿದ ಹಲಗೆಗಳು ಗೋಡೆಗೆ ಒರಗಿದ್ದವು. ಶಟರಿನವರು ಏನು ಮಾಡಬೇಕು? ಅವರು ಶಟರನ್ನು ಸೊಂಟದವರೆಗೆ ಇಳಿಸಿ, ಕೆಳಗೆ ಸೈಕಲ್ಲಿನ ಹಳೆಯ ಟಯರುಗಳನ್ನು ತುರುಕಿದ್ದರು. ಸೀರೆ ಅಂಗಡಿ, ಚಹಾದಂಗಡಿ, ಚುರುಮುರಿ, ಎಲ್ಲ ಕಡೆ ಟಯರು. ಒಳಗೆ ದೀಪ, ಗಿರಾಕಿ, ವ್ಯಾಪಾರ. ಹುಡುಗರು ಬೆಳಗ್ಗೆ ಬಂದಿದ್ದರಂತೆ. ಮೊದಲ ಅಂಗಡಿಯವರು, "ಮುಚ್ಚಾಕ ಬರವಲ್ದೋ ತಮ್ಮಾ" ಎಂದರಂತೆ. ಎರಡನೆಯವರೂ ಅದನ್ನೇ ಹೇಳಿದರು. ಓಣಿಯ ಕೊನೆಯವರೆಗೆ ಅದೇ ಮಾತು. ನಮ್ಮ ಅಂಗಡಿಯವರೆಗೆ ಬರುವಷ್ಟರಲ್ಲಿ ಹುಡುಗರು ಕೇಳುವುದನ್ನೇ ಬಿಟ್ಟಿದ್ದರು ಎಂದು ಮನೆಯವರು ಹೇಳಿದರು. ಅವರ ಮುಖದಲ್ಲಿ ತುಸು ನಿರಾಸೆ ಇತ್ತು. ತಮ್ಮ ಪಾಳಿ ಬರಲಿಲ್ಲವಲ್ಲ ಎಂದು.

ಮಾವನವರು ಕಟ್ಟೆಯ ಮೇಲಿಂದ, "ನೋಡವ್ವಾ, ಇಡೀ ಓಣಿ ಸಿಕ್ಕೊಂಡೈತಿ" ಎಂದರು. ನನಗೆ ಅಳು ಬಂತು. ಘಾಟಿಗೆ ಎಂದು ಯಾರಾದರೂ ಅಂದುಕೊಳ್ಳಲಿ ಎಂದು ಸೆರಗಿನಿಂದ ಮೂಗು ಒರೆಸಿಕೊಂಡೆ.

ಸೈಕಲ್ ಅಣ್ಣ ರಸ್ತೆಯ ನಡುವೆ ನಿಂತು ಒಂದೊಂದೇ ಅಂಗಡಿಯನ್ನು ನೋಡಿದರು. "ಏ, ಇವು ನನ್ನ ಟಯರ್ ಅದಾವಲ್ರೋ! ಯಾರನ್ನ ಕೇಳಿ ತಗೊಂಡ್ರಿ?" ಎಂದು ಗದರಿದರು. ಅರ್ಧಕ್ಕೆ ದನಿ ಒಡೆಯಿತು. ಚಹಾದಂಗಡಿಯವರು ಒಳಗಿನಿಂದ, "ಅಂಗಡಿ ಮುಚ್ಚಿತ್ತಲ್ಲಪಾ, ಯಾರನ್ನ ಕೇಳೂದು?" ಎಂದರು.

ಅವನಿಗೆ ಮುಂದೆ ಶಿಕ್ಷೆಯಾಯಿತು. ನನ್ನ ಸಿಟ್ಟಿಗೆ ಸಾಲುವಷ್ಟು ಅಲ್ಲ, ಆದರೆ ಆಯಿತು. ಅದು ಆಮೇಲಿನ ಮಾತು. ಆವತ್ತು ತೀರ್ಪು ಇನ್ನೂ ಬಂದಿರಲಿಲ್ಲ, ಅವನು ಜಾಮೀನಿನ ಮೇಲೆ ಅದೇ ಊರಿನಲ್ಲಿ ಇದ್ದ. ಅದು ಗೊತ್ತಿದ್ದೂ ಸೈಕಲ್ ಅಣ್ಣ ಮೂಲೆಯ ಅಂಗಡಿಗೆ ನಡೆದರು. ಟವೆಲ್ಲಿನಿಂದ ಬಲಗೈ ಹೊರಗೆ ತೆಗೆದು ಬೀಗ ಹಿಡಿದುಕೊಂಡರು, ಎಡಗೈಯಿಂದ ಕೀಲಿ ತಿರುಗಿಸಿದರು. ತುಕ್ಕು ಹಿಡಿದಿತ್ತು, ಬೇಗ ಬರಲಿಲ್ಲ. ನಮ್ಮ ಮನೆಯವರು ಸಹಾಯಕ್ಕೆ ಮುಂದೆ ಹೋದರು, ಅಣ್ಣ ಬೇಡವೆಂದು ತಲೆಯಾಡಿಸಿದರು. ಓಣಿಯವರೆಲ್ಲ ಕಟ್ಟೆಗಳ ಮೇಲೆ ನಿಂತು ನೋಡುತ್ತಿದ್ದೆವು. ಆ ಸಂಜೆ ನಮ್ಮ ಓಣಿಯಲ್ಲಿ ಮುಚ್ಚಿದ್ದ ಬಾಗಿಲು ಅದೊಂದೇ, ಅದೂ ತೆರೆಯಿತು.